ಹಳೇ ಪಿಯಾನೋ ಒಡೆಯಬೇಡಿ, ಬಿಚ್ಚಿ

ತೋಟದ ಮನೆಗಳಿಗೆ ಸುಣ್ಣ-ಬಣ್ಣ ಹೊಡೆಸುವ ಕಾಲ ಬಂತೆಂದರೆ ನನಗೆ ಇಂಥ ಫೋನು ಬರುವುದುಂಟು. "ಆಚಾರ್ರೇ, ಹಾಲಲ್ಲಿ ಹಳೇ ಪಿಯಾನೋ ಒಂದು ಬಿದ್ಕೊಂಡಿದೆ. ಒಡೆಸಿ ಸೌದೆಗೆ ಹಾಕ್ಸಿಬಿಡ್ಲಾ?" ಅಂತ ಅಮ್ಮಾವ್ರು ಕೇಳುತ್ತಾರೆ. "ಬೇಡಿ ಅಮ್ಮಾ, ನಾನು ಬಂದು ನೋಡೋತನಕ ಅದಕ್ಕೆ ಕೊಡಲಿ ತಾಗಿಸ್ಬೇಡಿ" ಅನ್ನುತ್ತೇನೆ. ಎಲ್ಲ ಕಡೆಗೂ ನಾನೇ ಹೋಗಲಾಗುವುದಿಲ್ಲ. ಕೈಯಲ್ಲಿ ಸ್ವಲ್ಪ ಮರಗೆಲಸ ಇರುವವರು, ಜೊತೆಗೆ ನಾಲ್ಕು ಜನ ಗಟ್ಟಿ ಆಳು ಇದ್ದವರು ಇದನ್ನು ತಾವೇ ಮಾಡಿಕೊಳ್ಳಬಹುದು. ಅದಕ್ಕೇ ಕ್ರಮವಾಗಿ ಬರೆಯುತ್ತಿದ್ದೇನೆ.

ಚಿಕ್ಕಮಗಳೂರು, ಮೂಡಿಗೆರೆ, ಬಾಳೆಹೊನ್ನೂರು, ಆಚೆ ಸಕಲೇಶಪುರದ ಸುತ್ತ 19ನೇ ಶತಮಾನದ ನಡುವಿನಿಂದ ಇಂಗ್ಲಿಷ್ ತೋಟಗಾರರು ಕಾಫಿ ಹಾಕುತ್ತಾ ಬಂದರು. ಅವರ ಹಿಂದೆ ಪಿಯಾನೋಗಳೂ ಘಟ್ಟ ಹತ್ತಿ ಬಂದವು. ಅವರು ಹೋದ ಮೇಲೆ ಸಾಮಾನು ಸಮೇತ ಬಂಗಲೆ ಕೊಂಡವರ ಮನೆಯಲ್ಲಿ ಅವು ಉಳಿದುಕೊಂಡವು. ಈಗ ಅವುಗಳ ಮೇಲೆ ಮದುವೆ ಫೋಟೋ ಕೂತಿದೆ, ಒಳಗೆ ಇಲಿ ಸಂಸಾರ ಹೂಡಿದೆ. ಗುಜರಿಯವರು ಕಬ್ಬಿಣದ ತೂಕ ಮಾತ್ರ ಲೆಕ್ಕ ಹಾಕುತ್ತಾರೆ. ಮರವನ್ನು ಅಂಗಳದಲ್ಲೇ ಒಡೆದು ಬಿಟ್ಟುಹೋಗುತ್ತಾರೆ. ಆ ರಾಶಿ ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಅದರಲ್ಲಿ ನೂರು ವರ್ಷ ಒಣಗಿದ ಬೀಚ್ ಮರ ಇರುತ್ತದೆ, ಯುರೋಪಿನ ಚಳಿನಾಡಿನಲ್ಲಿ ನಿಧಾನಕ್ಕೆ ಬೆಳೆದ ಸ್ಪ್ರೂಸ್ ಇರುತ್ತದೆ, ಮೇಲ್ಮೈಗೆ ಮಹಾಗನಿ, ವಾಲ್ನಟ್, ಕೆಲವೊಮ್ಮೆ ಬೀಟೆ. ಇವತ್ತು ನಮ್ಮದೇ ತೋಟದ ಬೀಟೆ ಕಡಿಯಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಸ್ಪ್ರೂಸ್ ಅಂತೂ ನಮ್ಮ ಯಾವ ಸಾಮಿಲ್‌ನಲ್ಲೂ ಸಿಗುವ ಮರವಲ್ಲ.

ಆದರೆ ಬಿಚ್ಚುವ ಮುಂಚೆ ಒಂದು ಮಾತು. ಅದು ನಿಜವಾಗಿ ಸತ್ತಿದೆಯೇ ಅಂತ ಮೊದಲು ನೋಡಿ. ಮೇಲಿನ ಮುಚ್ಚಳ ಎತ್ತಿ ಟಾರ್ಚ್ ಬಿಡಿ. ಒಳಗೆ ಬೀಡುಕಬ್ಬಿಣದ ದೊಡ್ಡ ಚೌಕಟ್ಟು ಕಾಣುತ್ತದೆ. ಅದರಲ್ಲಿ ಬಿರುಕು ಬಿಟ್ಟಿದ್ದರೆ ವಾದ್ಯದ ಕಥೆ ಮುಗಿಯಿತು. ಬಿರುಕು ಇಲ್ಲದಿದ್ದರೆ, ತಂತಿ ಸುತ್ತಿರುವ ಉಕ್ಕಿನ ಬಿರಡೆಗಳನ್ನು ಪರೀಕ್ಷಿಸಿ. ಗಟ್ಟಿಯಾಗಿ ಕೂತ ಬಿರಡೆಗೆ ಉದ್ದ ಹಿಡಿಯ ಪಾನಾ ಹಾಕಿದರೂ ತಿರುಗಲು ಕೈಯ ಬಲ ಬೇಕು. ಬೆಣ್ಣೆಯಲ್ಲಿ ಚುಚ್ಚಿದಂತೆ ತಿರುಗಿದರೆ ಒಳಗಿನ ಮರ ಸೀಳಿದೆ, ಶ್ರುತಿ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಪಿಯಾನೋ ಕೆಡುವುದು ಹೆಚ್ಚಾಗಿ ಹೀಗೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ನೀರು ಕುಡಿದು ಉಬ್ಬುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ಒಣಗಿ ಕುಗ್ಗುತ್ತದೆ, ವರ್ಷ ವರ್ಷ ಇದೇ ನಡೆದು ಬಿರಡೆಯ ತೂತು ಸಡಿಲವಾಗುತ್ತದೆ. ಚೌಕಟ್ಟು, ಬಿರಡೆ ಎರಡೂ ಚೆನ್ನಾಗಿದ್ದರೆ ದಯವಿಟ್ಟು ಬಿಚ್ಚಬೇಡಿ. ಅದರ ಮೇಲೆ ತಯಾರಕರ ಹೆಸರು ನೋಡಿ. ಬ್ರಾಡ್‌ವುಡ್, ಕೊಲ್ಲಾರ್ಡ್, ಬೆಕ್‌ಸ್ಟೈನ್, ಬ್ಲೂಥ್ನರ್ ಇಂಥ ಹೆಸರಿದ್ದರೆ ಒಳಗೆ ಒತ್ತಿರುವ ಸಂಖ್ಯೆಯನ್ನೂ ಬರೆದುಕೊಂಡು, ಬೆಂಗಳೂರಿನ ಪಿಯಾನೋ ರಿಪೇರಿಯವರಿಗೆ ಫೋಟೋ ಕಳಿಸಿ ಒಂದು ಮಾತು ಕೇಳಿ. ನುಡಿಸುವವರ ಮನೆಗೆ ಹೋಗಬಲ್ಲ ವಾದ್ಯವನ್ನು ಮರಕ್ಕಾಗಿ ಬಿಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಕಾಲ ಮತ್ತು ಜಾಗ

ನಮ್ಮ ಕಡೆಗೆ ಮಾರ್ಚ್-ಏಪ್ರಿಲ್ ಸರಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಕಣದ ತುಂಬ ಹಣ್ಣು ಹರವಿರುತ್ತದೆ, ಆಳೂ ಸಿಗುವುದಿಲ್ಲ. ಕೊಯ್ಲು ಮುಗಿದ ಮೇಲೆ ಅದೇ ಕಣ ಖಾಲಿ, ಸಮತಟ್ಟು, ಬೆಳಕು ಚೆನ್ನ. ಹೂಮಳೆ ಯಾವತ್ತು ಬೇಕಾದರೂ ಬರುವ ಕಾಲವಾದ್ದರಿಂದ ದೊಡ್ಡ ಟಾರ್ಪಾಲು ಒಂದು ಪಕ್ಕದಲ್ಲೇ ಇರಲಿ. ಮರಕ್ಕೆ ಒಮ್ಮೆ ನೀರು ಬಿದ್ದರೆ ವಿನಿಯರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ, ಏಳುತ್ತದೆ.

ನಿಲುವಿನ ಪಿಯಾನೋ 200ರಿಂದ 300 ಕೆ.ಜಿ. ತೂಗುತ್ತದೆ. ಭಾರವೆಲ್ಲ ಬೆನ್ನಿನ ಕಡೆ, ಅದೂ ಮೇಲ್ಭಾಗದಲ್ಲಿ. ಹಾಗಾಗಿ ತಳ್ಳುವಾಗ ಹಿಂದಕ್ಕೆ ಮಗುಚುತ್ತದೆ. ಕೆಳಗಿನ ಚಕ್ರಗಳನ್ನು ನಂಬಬೇಡಿ, ತುಕ್ಕು ಹಿಡಿದು ಒಂದು ಚಕ್ರ ನಿಂತರೆ ಕಾಲೇ ಮುರಿದುಕೊಳ್ಳುತ್ತದೆ. ಎರಡು ಗಟ್ಟಿ ಬಿದಿರು ಗಳ ಅಡಿಯಲ್ಲಿ ತೂರಿಸಿ, ತೆಂಗಿನ ಹಗ್ಗದಿಂದ ಬಿಗಿದು, ನಾಲ್ಕರಿಂದ ಆರು ಜನ ಹೊರಬೇಕು. ಮೆಟ್ಟಿಲಲ್ಲಿ ಇಳಿಸುವಾಗ ಕೆಳಗಿನ ಮೆಟ್ಟಿಲಿನಲ್ಲಿ, ಅದರ ಎದುರಿಗೆ ಯಾರೂ ನಿಲ್ಲಬಾರದು. ಹೊರಗೆ ತರಲು ಆಗದಿದ್ದರೆ ಹಾಲಿನಲ್ಲೇ ಬಿಚ್ಚಿ. ಬಿಡಿಬಿಡಿ ಭಾಗ ಒಬ್ಬರೇ ಹೊರಬಹುದು, ಬೀಡಿನ ಚೌಕಟ್ಟೊಂದು ಬಿಟ್ಟು.

ಬೇಕಾಗುವ ಸಾಮಾನು ಬಹುತೇಕ ಯಾವುದೇ ಆಚಾರಿಯ ಪೆಟ್ಟಿಗೆಯಲ್ಲಿ ಇರುವಂಥವು. ದೊಡ್ಡದು ಚಿಕ್ಕದು ಸ್ಕ್ರೂಡ್ರೈವರ್, ಅಗಲದ ಉಳಿ, ಕೊಡತಿ, ಇಕ್ಕಳ, ಕೈಗರಗಸ, ಮರದ ಬೆಣೆಗಳು, ಸ್ಪ್ಯಾನರ್ ಸೆಟ್ಟು. ವಿಶೇಷವಾಗಿ ಬೇಕಾದದ್ದು ಬಿರಡೆ ತಿರುಗಿಸುವ ಪಾನಾ. ಬಿರಡೆಯ ತಲೆ ಚೌಕವಾಗಿ, ತುದಿಗೆ ಸ್ವಲ್ಪ ಸಣ್ಣಗಾಗಿರುತ್ತದೆ. ಹಳೇ ಇಂಗ್ಲಿಷ್ ಪಿಯಾನೋಗಳಲ್ಲಿ ಕೆಲವಕ್ಕೆ ಉದ್ದಚೌಕದ ತಲೆಯೂ ಉಂಟು. ಸುಮ್ಮನೆ ಅಂದಾಜಿಗೆ ಪಾನಾ ತರಬೇಡಿ. ಅಳತೆ ತೆಗೆದುಕೊಂಡು ಲೇತ್ ಅಂಗಡಿಗೆ ಹೋಗಿ, ಅದಕ್ಕೆ ಕೂರುವ ಸಾಕೆಟ್ ಮಾಡಿಸಿ, ಒಂದಡಿ ಉದ್ದದ ಅಡ್ಡ ಹಿಡಿ ಬೆಸುಗೆ ಹಾಕಿಸಿ. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗ್ಲೌಸು, ಮೂಗಿಗೆ ಮಾಸ್ಕ್ ಇಲ್ಲದೆ ಕೆಲಸ ಶುರು ಮಾಡಬೇಡಿ. ಇಲಿ ಹಿಕ್ಕೆ, ನುಸಿ ತಿಂದ ಉಣ್ಣೆಯ ಪುಡಿ ಒಳಗೆ ಬೇಕಾದಷ್ಟಿರುತ್ತದೆ. ಇಲಿಜ್ವರ ನಮ್ಮ ಕಡೆ ಇದ್ದೇ ಇದೆ. ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸದೆ, ಫಿನಾಯಿಲ್ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬಳಿದು ತೆಗೆಯಿರಿ.

ಹೊರಗಿನ ಹೊದಿಕೆ, ಒಳಗಿನ ಯಂತ್ರ

ಕೆಲಸ ಶುರು ಮಾಡುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಸ್ಕ್ರೂಗಳಿಗೆ ಹಾರ್ಲಿಕ್ಸ್ ಬಾಟಲಿ ಸಾಲಾಗಿ ಇಟ್ಟು, ಯಾವುದು ಎಲ್ಲಿಯದು ಅಂತ ಚೀಟಿ ಅಂಟಿಸಿ. ಹಳೇ ಸೀಳುತಲೆಯ ಸ್ಕ್ರೂಗಳು ಹಳೇ ಬೀರು-ಮೇಜಿನ ರಿಪೇರಿಗೆ ಬಂಗಾರ ಇದ್ದ ಹಾಗೆ; ಹೊಳೆಯುವ ಹೊಸ ಸ್ಕ್ರೂ ಅಲ್ಲಿ ಎದ್ದು ಕಾಣುತ್ತದೆ. ತುಕ್ಕು ಹಿಡಿದು ಬಾರದ ಸ್ಕ್ರೂವಿನ ಸೀಳನ್ನು ಮೊಳೆಯಿಂದ ಕೆರೆದು ಶುಚಿ ಮಾಡಿ, ತಲೆಯ ಮೇಲೆ ಬೆಸುಗೆ ಕಬ್ಬಿಣದ ಕಾವು ಕೊಡಿ. ಆರಿದ ಮೇಲೆ ಮೊದಲು ಬಿಗಿಯುವ ಕಡೆಗೆ ಒಂದು ಕೂದಲಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ.

ಮುಂದಿನ ಮೇಲುಹಲಗೆಯನ್ನು ಒಳಗಡೆ ಎರಡು ಚಿಕ್ಕ ಕೊಂಡಿಗಳು ಹಿಡಿದಿರುತ್ತವೆ. ಮುಚ್ಚಳ ಎತ್ತಿ ಅವನ್ನು ತಿರುಗಿಸಿದರೆ ಹಲಗೆ ಮುಂದಕ್ಕೆ ಬರುತ್ತದೆ. ಮೊಣಕಾಲಿನ ಎದುರಿನ ಹಲಗೆಗೆ ಒಂದು ಸ್ಪ್ರಿಂಗ್ ಪಟ್ಟಿ, ಅದನ್ನು ಮೇಲಕ್ಕೆ ಒತ್ತಿದರೆ ಸಾಕು. ಮುಚ್ಚಳದ ಉದ್ದಕ್ಕೂ ಕೂತ ಹಿತ್ತಾಳೆಯ ಕೀಲನ್ನು ಜೋಪಾನವಾಗಿ ಬಿಚ್ಚಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಂದಿಗೂ ಪಿಯಾನೋ ಹಿಂಜಸ್ ಅಂತ ಮಾರುವುದು ಇದನ್ನೇ, ಆದರೆ ಈ ದಪ್ಪದ ಹಿತ್ತಾಳೆ ಅಲ್ಲಿ ಸಿಗುವುದಿಲ್ಲ. ಮೇಣದಬತ್ತಿ ಹಿಡಿಯುವ ಹಿತ್ತಾಳೆ ಕೈಗಳು, ಪೆಡಲ್, ಬೀಗ ಇದ್ದರೆ ಅವನ್ನೂ ತೆಗೆದು ಹುಣಸೆಹಣ್ಣು, ಬೂದಿ ಹಚ್ಚಿ ತೊಳೆಯಿರಿ. ಯಂತ್ರದಲ್ಲಿ ಉಜ್ಜಿಸಬೇಡಿ, ಅಂಚುಗಳ ಕೆತ್ತನೆ ಅಳಿಸಿಹೋಗುತ್ತದೆ.

ಈಗ ಕಾಣುವುದು ಸುತ್ತಿಗೆಗಳ ಸಾಲು. ಎಲ್ಲ ಸೇರಿ ಒಂದೇ ಚೌಕಟ್ಟಿನಲ್ಲಿರುತ್ತದೆ, ಮೂರು ನಾಲ್ಕು ತಿರುಪುಗಳ ಮೇಲೆ ನಿಂತಿರುತ್ತದೆ. ತಿರುಪು ಬಿಚ್ಚಿ, ಪೆಡಲಿನ ಕಡ್ಡಿಗಳನ್ನು ಕಳಚಿ, ಎರಡೂ ತುದಿಗೆ ಒಬ್ಬೊಬ್ಬರು ನಿಂತು ತಮ್ಮ ಕಡೆಗೆ ವಾಲಿಸಿ ಎತ್ತಿದರೆ ಇಡೀ ಯಂತ್ರ ಹೊರಗೆ. ಸುತ್ತಿಗೆಯ ಉಣ್ಣೆ ನುಸಿ ಹಿಡಿಯದೆ ಉಳಿದಿದ್ದರೆ ಗಟ್ಟಿ ಫೆಲ್ಟ್ ಸಿಕ್ಕಂತೆ. ಕೀಗಳ ಕೆಳಗೆ ಹಸಿರು, ಕೆಂಪು ಬಣ್ಣದ ಫೆಲ್ಟ್ ಪಟ್ಟಿಗಳೂ ಬಿಲ್ಲೆಗಳೂ ಇರುತ್ತವೆ, ಅಲ್ಲಲ್ಲಿ ಮೆತ್ತನೆ ಚರ್ಮದ ಚೂರುಗಳು. ಇವೆಲ್ಲ ಹಾರ್ಮೋನಿಯಂ ರಿಪೇರಿಯವರಿಗೆ ತೀರಾ ಬೇಕಾದ ಸಾಮಾನು. ಭಜನೆ ಮಂಡಳಿಯ ಹಳೇ ಪೆಟ್ಟಿಗೆಯ ಕೀಗಳು ಟಕಟಕ ಸದ್ದು ಮಾಡುತ್ತಿದ್ದರೆ ಅದರಡಿಯ ಉಣ್ಣೆ ಸವೆದಿದೆ ಅಂತಲೇ ಅರ್ಥ. ಅಲ್ಲಿಗೆ ಈ ಪಟ್ಟಿ ಕತ್ತರಿಸಿ ಅಂಟಿಸಿದರೆ ಸದ್ದು ನಿಲ್ಲುತ್ತದೆ. ಸಿಂಥೆಟಿಕ್ ಬಟ್ಟೆ ಇಷ್ಟು ಚೆನ್ನಾಗಿ ಕೂರುವುದಿಲ್ಲ.

ಕೀಗಳು: ಇಲ್ಲಿ ನಿಧಾನ

ಈಗಿನ ಪಿಯಾನೋಗೆ 88 ಕೀ, 52 ಬಿಳಿ, 36 ಕರಿ. ಹಳೆಯವುಗಳಲ್ಲಿ 85 ಇರುವುದೂ ಉಂಟು. ಪ್ರತಿ ಕೀಯ ಮರದ ಮೇಲೆ ಕ್ರಮಸಂಖ್ಯೆ ಒತ್ತಿರುತ್ತದೆ. ಒಂದೊಂದನ್ನೇ ನೇರ ಮೇಲಕ್ಕೆತ್ತಿ, ಕ್ರಮದಲ್ಲೇ ಜೋಡಿಸಿಡಿ. ಎರಡು ಕಾರಣಕ್ಕೆ ಇಲ್ಲಿ ಅವಸರ ಕೂಡದು.

ಮೊದಲನೆಯದು ಸೀಸ. ತೂಕ ಸರಿದೂಗಿಸಲು ಕೆಲವು ಪಿಯಾನೋಗಳ ಕೀ ಕಡ್ಡಿಯೊಳಗೆ ಸೀಸದ ಬಿಲ್ಲೆ ಕೂರಿಸಿರುತ್ತಾರೆ. ಪಕ್ಕದಲ್ಲಿ ಬೂದುಬಣ್ಣದ ದುಂಡು ಚುಕ್ಕೆ, ಹಳೆಯದಾದರೆ ಅದರ ಮೇಲೆ ಬಿಳಿ ಪುಡಿ. ಆ ಪುಡಿ ವಿಷ. ಊದಬೇಡಿ, ಉಜ್ಜಬೇಡಿ, ಆ ಕಡ್ಡಿಗಳನ್ನು ಯಾವ ಕಾರಣಕ್ಕೂ ಒಲೆಗೆ, ಬಚ್ಚಲ ಹಂಡೆಯ ಉರಿಗೆ ಹಾಕಬೇಡಿ. ಗ್ಲೌಸು ಹಾಕಿಕೊಂಡು ಬಿಲ್ಲೆಯನ್ನು ಒಂದು ಕಡೆಯಿಂದ ಕಂಬಿ ಇಟ್ಟು ತಟ್ಟಿದರೆ ಆಚೆ ಬೀಳುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೇ ಬ್ಯಾಟರಿ ಕೊಳ್ಳುವವರಿಗೇ ಬೇರೆಯಾಗಿ ಕೊಡಿ. ಕೆಲಸ ಮುಗಿಸಿ ಸೋಪಿನಲ್ಲಿ ಕೈ ತೊಳೆಯದೆ ಎಲೆ-ಅಡಿಕೆಗೂ ಕೈ ಹಾಕಬೇಡಿ. ಮಕ್ಕಳನ್ನು ಹತ್ತಿರ ಸೇರಿಸಬೇಡಿ.

ಎರಡನೆಯದು ದಂತ. ಹಳೇ ಪಿಯಾನೋದ ಬಿಳಿ ಕೀ ಮೇಲಿನ ತೆಳು ಹೊದಿಕೆ ಆನೆ ದಂತದ್ದಾಗಿರಬಹುದು. ಗುರುತು ಹೀಗೆ: ದಂತದ ಹೊದಿಕೆ ಸಾಮಾನ್ಯವಾಗಿ ಎರಡು ತುಂಡು. ಮುಂದಿನ ಅಗಲ ಭಾಗ ಒಂದು, ಕರಿ ಕೀಗಳ ನಡುವೆ ಹೋಗುವ ಕಿರಿದು ಭಾಗ ಇನ್ನೊಂದು, ನಡುವೆ ಕೂದಲೆಳೆಯಂಥ ಕೂಡುಗೆರೆ. ಓರೆ ಬೆಳಕಿನಲ್ಲಿ ನೋಡಿದರೆ ಸಹಜವಾದ, ಒಂದರಂತೆ ಒಂದಿಲ್ಲದ ಎಳೆಗಳು ಕಾಣುತ್ತವೆ. ಕೂಡುಗೆರೆ ಇಲ್ಲದ ಒಂದೇ ತುಂಡಾದರೆ, ಗೆರೆಗಳು ಅಚ್ಚಿನಲ್ಲಿ ಒತ್ತಿದಷ್ಟು ಸಮನಾಗಿದ್ದರೆ, ಬೆರಳಲ್ಲಿ ಜೋರಾಗಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ, ಅದು ಸೆಲ್ಯುಲಾಯ್ಡ್. ಕಾಯಿಸಿದ ಸೂಜಿ ಚುಚ್ಚಿ ನೋಡಿ ಅಂತ ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ದಂತ ಅಂತ ಅನುಮಾನ ಬಂದರೂ ಸಾಕು, ಕೀಗಳಿಗೆ ಕೈ ಹಚ್ಚದೆ ಕೆಲಸ ನಿಲ್ಲಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ನಮ್ಮ ದೇಶದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರ ತಿದ್ದುಪಡಿ ಆಫ್ರಿಕಾದ ದಂತವನ್ನೂ ಸೇರಿಸಿತು. ಅಜ್ಜನ ಕಾಲದ್ದು, ಇಂಗ್ಲೆಂಡಿನಿಂದ ಬಂದದ್ದು ಅನ್ನುವ ಮಾತು ಮಾರುವುದಕ್ಕೆ ರಹದಾರಿ ಆಗುವುದಿಲ್ಲ. ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋಟೋ ಸಮೇತ ಒಂದು ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಪಡೆದು, ಅವರು ಹೇಳಿದಂತೆ ನಡೆಯಿರಿ. ಆನ್‌ಲೈನಿನಲ್ಲಿ ಬೇರೆ ದೇಶದವರು ಈ ಚೂರುಗಳಿಂದ ಏನೇನೋ ಮಾಡಿ ತೋರಿಸುತ್ತಾರೆ. ಅದು ನಮಗೆ ದಾರಿಯಲ್ಲ. ಆಲೂರು, ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಆನೆಗಳೂ ಸಾಯುತ್ತಿವೆ, ನಮ್ಮ ಆಳುಗಳೂ ಸಾಯುತ್ತಿದ್ದಾರೆ. ಇಂಥ ಊರಲ್ಲಿ ಕೂತು ದಂತಕ್ಕೆ ಬೆಲೆ ಕಟ್ಟುವ ಮಾತನ್ನು ನಾನು ನನ್ನ ಶೆಡ್ಡಿನೊಳಗೆ ಬಿಟ್ಟುಕೊಳ್ಳುವುದಿಲ್ಲ.

ಕರಿ ಕೀಗಳು ಒಳ್ಳೇ ಪಿಯಾನೋದಲ್ಲಿ ಕರಿಮರದವು, ಅಂದರೆ ಎಬನಿ. ತಳದಲ್ಲಿ ಉಳಿಯಿಂದ ಸ್ವಲ್ಪ ಕೆರೆದು ನೋಡಿ. ಒಳಗೂ ಕಪ್ಪಿದ್ದರೆ ಎಬನಿ, ಬಿಳಿಚಿಕೊಂಡರೆ ಬಣ್ಣ ಹಾಕಿದ ಬೇರೆ ಮರ. ಎಬನಿ ಆದರೆ ಒಂದು ಚೂರೂ ಬಿಸಾಡಬೇಡಿ. ಮೈಸೂರಿನ ಬೀಟೆ ಕೆತ್ತನೆ-ಇನ್‌ಲೇ ಕೆಲಸದವರಿಗೆ ಇಂಥ ಚಿಕ್ಕ ತುಂಡೇ ಬೇಕು. ನಾನು ಡ್ರಾಯರ್ ಗುಬುಟು ಮಾಡಲು, ಉಳಿಯ ಹಿಡಿಗೆ ಉಂಗುರ ಕೂರಿಸಲು ಬಳಸುತ್ತೇನೆ. ಕೀ ಕಡ್ಡಿಯ ಮರ ಹಗುರ, ನೇರ ಎಳೆಯದು. ಸೀಸ ಇಲ್ಲದ ಭಾಗ ಆಟಿಕೆಗೆ, ಪೆಟ್ಟಿಗೆಯ ಒಳಗಿನ ಅಡ್ಡಪಟ್ಟಿಗೆ ಒದಗುತ್ತದೆ. ಬಟ್ಟೆ ನೇತುಹಾಕುವ ಹಲಗೆಗೆ ಕೀಗಳನ್ನು ಸಾಲಾಗಿ ಹೊಡೆದು ಅಲಂಕಾರ ಮಾಡುವುದೂ ಉಂಟು, ನನಗೆ ಅದು ಹಿಡಿಸುವುದಿಲ್ಲ.

ತಂತಿಗಳು: ಜೀವಕ್ಕೆ ಅಪಾಯ ಇರುವುದು ಇಲ್ಲೇ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಪಿಯಾನೋದಲ್ಲಿ ಸುಮಾರು 220-230 ತಂತಿಗಳಿರುತ್ತವೆ. ಒಂದೊಂದರ ಎಳೆತ 70-80 ಕೆ.ಜಿ. ಆಸುಪಾಸು. ಎಲ್ಲ ಕೂಡಿದರೆ 15ರಿಂದ 20 ಟನ್ ಎಳೆತ ಆ ಬೀಡಿನ ಚೌಕಟ್ಟಿನ ಮೇಲೆ ಸದಾ ಕೂತಿರುತ್ತದೆ. ಎಷ್ಟೋ ವರ್ಷದಿಂದ ನುಡಿಸದ, ಅಪಸ್ವರ ಬರುವ ಪಿಯಾನೋದಲ್ಲೂ ಇದರ ಬಹುಪಾಲು ಹಾಗೇ ಉಳಿದಿರುತ್ತದೆ. ಆ ಸ್ಥಿತಿಯಲ್ಲಿ ಕಟಿಂಗ್ ಪ್ಲೇಯರ್ ಹಾಕಿ ತಂತಿ ಕತ್ತರಿಸಿದರೆ ಅದು ಚಾಟಿಯಂತೆ ಮುಖಕ್ಕೆ ಬರುತ್ತದೆ. ಚೌಕಟ್ಟಿಗೆ ಸುತ್ತಿಗೆ ಬೀಸಿದರೆ ಬೀಡು ಸಿಡಿದು ಚೂರು ಹಾರುತ್ತದೆ. ಬಿಗಿದ ತಂತಿಯನ್ನು ಯಾವತ್ತೂ ಕತ್ತರಿಸಬಾರದು. ತಿರುವಿ ಸಡಿಲಿಸಬೇಕು.

ಸಡಿಲಿಸುವುದಕ್ಕೂ ಕ್ರಮ ಇದೆ. ಒಂದು ಮೂಲೆಯಿಂದ ಶುರುಮಾಡಿ ಪೂರಾ ಬಿಚ್ಚಿಕೊಂಡು ಹೋದರೆ ಒಂದು ಕಡೆ ಎಳೆತ ಹೋಗಿ ಇನ್ನೊಂದು ಕಡೆ ಉಳಿಯುತ್ತದೆ, ಚೌಕಟ್ಟು ತಿರುಚಿ ಬಿರುಕು ಬಿಡಬಹುದು. ಮೇಲು ಸ್ವರಗಳಿಗೆ ಮೂರು ಮೂರು ತಂತಿ, ಕೆಳಕ್ಕೆ ಬಂದಂತೆ ಎರಡು, ತೀರಾ ತಗ್ಗಿನ ಸ್ವರಗಳಿಗೆ ಒಂದೇ. ಮೊದಲ ಸುತ್ತಿನಲ್ಲಿ ಪ್ರತಿ ಸ್ವರದ ಒಂದು ತಂತಿಯ ಬಿರಡೆಯನ್ನು ಮಾತ್ರ ಎಡಕ್ಕೆ ಕಾಲು ತಿರುವಿಗಿಂತ ಕಡಿಮೆ ತಿರುಗಿಸುತ್ತಾ ಈ ತುದಿಯಿಂದ ಆ ತುದಿಗೆ ಹೋಗಿ. ಎರಡನೇ ಸುತ್ತಿಗೆ ಪಕ್ಕದ ತಂತಿ, ಮೂರನೆಯದಕ್ಕೆ ಉಳಿದದ್ದು. ಮತ್ತೆ ಮೊದಲಿನಿಂದ ಬನ್ನಿ. ಬೆರಳಲ್ಲಿ ಒತ್ತಿದರೆ ತಂತಿ ಜೋಲುವ ತನಕ ಹೀಗೆ ಸುತ್ತು ಹಾಕಬೇಕು. ನಿಲ್ಲುವುದು ಪಕ್ಕದಲ್ಲಿ, ತಂತಿಗೆ ನೇರ ಎದುರಾಗಿ ಅಲ್ಲ. ಸಡಿಲಿಸದ ಭಾಗದ ಮೇಲೆ ದಪ್ಪ ಗೋಣಿಚೀಲ ಹೊದಿಸಿಡಿ, ತುಕ್ಕು ತಿಂದ ತಂತಿ ತನ್ನಷ್ಟಕ್ಕೆ ತುಂಡಾದರೂ ಗೋಣಿ ತಡೆಯುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ಈ ಹೊತ್ತಿನಲ್ಲಿ ಮಾತು, ಮೊಬೈಲು ಎರಡೂ ಇಲ್ಲ ಅಂತ ಮೊದಲೇ ಹೇಳಿರುತ್ತೇನೆ.

ಎಲ್ಲ ಜೋತ ಮೇಲೆ ಪ್ರತಿ ಬಿರಡೆಯನ್ನು ಎರಡು ಮೂರು ತಿರುವು ಬಿಟ್ಟು, ಸುರುಳಿಯನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸಿ. ಹೆಚ್ಚಿನ ಉಕ್ಕಿನ ತಂತಿ ಕೆಳಗಿನ ಮೊಳೆ ಬಳಸಿಕೊಂಡು ಬಂದು ಎರಡು ಬಿರಡೆಗೆ ಕೂತಿರುತ್ತದೆ, ಹಾಗಾಗಿ ಎರಡೂ ತುದಿ ಬಿಡಿಸಬೇಕು. ತೆಗೆದ ತಂತಿಯ ತುದಿಯನ್ನು ಒಳಕ್ಕೆ ಮಡಚಿ ಸುರುಳಿ ಕಟ್ಟಿ, ಕಣದಲ್ಲಿ ಬಿದ್ದ ತುಂಡು ಆಕಳ ಹೊಟ್ಟೆಗೆ ಹೋಗಬಾರದು.

ಉಕ್ಕಿನ ತಂತಿ ಮತ್ತೆ ವಾದ್ಯಕ್ಕೆ ಬರುವುದಿಲ್ಲ. ಕುಂಬಾರರಿಗೆ ಮಣ್ಣು ಕೊಯ್ಯಲು, ಮನೆಯಲ್ಲಿ ಸೋಪು ಮಾಡುವವರಿಗೆ ಗಟ್ಟಿ ಕತ್ತರಿಸಲು ಎರಡು ಮರದ ಹಿಡಿ ಕಟ್ಟಿಕೊಟ್ಟರೆ ಬಹಳ ಕಾಲ ಬಾಳುತ್ತದೆ. ತಗ್ಗು ಸ್ವರದ ದಪ್ಪ ತಂತಿಗಳಿಗೆ ಉಕ್ಕಿನ ನಡುಕಡ್ಡಿಯ ಮೇಲೆ ತಾಮ್ರ ಸುತ್ತಿರುತ್ತದೆ. ಹಾಗೇ ಮಾರಿದರೆ ಗುಜರಿಯವರು ಕಬ್ಬಿಣ ಬೆರೆತಿದೆ ಅಂತ ಬೆಲೆ ಇಳಿಸುತ್ತಾರೆ. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ ತಾಮ್ರದ ಸುತ್ತನ್ನು ಇಕ್ಕಳದಲ್ಲಿ ಬಿಚ್ಚುತ್ತಾ ಹೋದರೆ ಶುದ್ಧ ತಾಮ್ರ ಬೇರೆಯಾಗುತ್ತದೆ. ಕೆಲವು ಹಳೆಯವುಗಳಲ್ಲಿ ತಾಮ್ರದ ಬದಲು ಕಬ್ಬಿಣದ ಸುತ್ತು ಇರುವುದರಿಂದ ಮೊದಲು ಅರದಿಂದ ಉಜ್ಜಿ ಬಣ್ಣ ನೋಡಿಕೊಳ್ಳಿ.

ಬಿರಡೆಗಳನ್ನು ಅದೇ ಪಾನಾದಿಂದ ಪೂರ್ತಿ ತಿರುವಿ ತೆಗೆಯಬೇಕು, ಅವಕ್ಕೆ ಸ್ಕ್ರೂವಿಗೆ ಇರುವಂಥ ತೀರಾ ಸಣ್ಣ ಸುತ್ತುಗೆರೆ ಇರುತ್ತದೆ. ಡ್ರಿಲ್ಲಿಗೆ ಸಾಕೆಟ್ ಹಾಕಿ ತೆಗೆಯುವುದಾದರೆ ನಿಧಾನ ವೇಗದಲ್ಲಿ. ವೇಗ ಹೆಚ್ಚಿದರೆ ಬಿರಡೆ ಕಾದು ತೂತಿನ ಮರ ಸುಡುತ್ತದೆ. ಸುಮಾರು 7 ಮಿ.ಮೀ. ದಪ್ಪದ ಒಳ್ಳೇ ಉಕ್ಕು ಇದು. ಕೊಟ್ಟಿಗೆಯಲ್ಲಿ ಮಚ್ಚು, ಕತ್ತಿ, ಗರಗಸ ನೇತುಹಾಕಲು ಗೋಡೆಯ ತೊಲೆಗೆ ಸ್ವಲ್ಪ ಚಿಕ್ಕ ತೂತು ಕೊರೆದು ಇವನ್ನು ತಿರುವಿ ಕೂರಿಸಿದರೆ ಅಲುಗುವುದಿಲ್ಲ.

ಬೀಡಿನ ಚೌಕಟ್ಟು, ಅದರ ಹಿಂದಿನ ಮರ

ಈಗ ಪಿಯಾನೋವನ್ನು ಗೋಣಿಚೀಲದ ಮೆತ್ತೆಯ ಮೇಲೆ ಬೆನ್ನಡಿಯಾಗಿ ಮಲಗಿಸಿ. ಚೌಕಟ್ಟಿನ ಸುತ್ತಲೂ ದೊಡ್ಡ ಸ್ಕ್ರೂ, ಬೋಲ್ಟುಗಳು. ನಡುವಿನಲ್ಲೂ ಒಂದೆರಡು ಅಡಗಿರಬಹುದು, ಬಣ್ಣ ಮೆತ್ತಿ ಮುಚ್ಚಿಹೋಗಿರುತ್ತವೆ. ಒಂದು ಉಳಿದರೂ ಚೌಕಟ್ಟು ಏಳುವುದಿಲ್ಲ. ಹಾರೆ ಹಾಕಿ ಎಬ್ಬಿಸಲು ಹೋದರೆ ಹಿಂದಿನ ಮರ ಸೀಳುತ್ತದೆ. ಎಲ್ಲ ತೆಗೆದ ಮೇಲೆ ಚೈನ್ ಪುಲ್ಲಿ ಇದ್ದರೆ ಅದರಿಂದ, ಇಲ್ಲದಿದ್ದರೆ ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದು ಎತ್ತಿ. ಗುಜರಿಗೆ ಹೋಗುವ ಮುಖ್ಯ ಭಾಗ ಇದೊಂದೇ. ಅಂದವಾದ ಎರಕ ಇದ್ದರೆ ಗೇಟಿನ ಪಕ್ಕ ಬಳ್ಳಿ ಹಬ್ಬಿಸಲು ನಿಲ್ಲಿಸಿಕೊಂಡವರೂ ಇದ್ದಾರೆ, ಬುಡವನ್ನು ಕಾಂಕ್ರೀಟಿನಲ್ಲಿ ಭದ್ರವಾಗಿ ಹೂತಿದ್ದರೆ ಸರಿ.

ಚೌಕಟ್ಟಿನ ಕೆಳಗೆ ಕಾಣುವ ಅಗಲವಾದ ತೆಳು ಹಲಗೆ ನಾದದ ಹಲಗೆ. ಪಿಯಾನೋದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಸ್ಪ್ರೂಸ್ ಮರದ್ದು, ನಡುವೆ 8ರಿಂದ 10 ಮಿ.ಮೀ. ದಪ್ಪ, ಅಂಚಿಗೆ ಇನ್ನೂ ತೆಳು. ಚಳಿನಾಡಿನಲ್ಲಿ ವರ್ಷಕ್ಕೆ ಒಂದು ಸಣ್ಣ ಗೆರೆಯಷ್ಟೇ ಬೆಳೆಯುವ ಮರವಾದ್ದರಿಂದ ಗೆರೆಗಳು ಒತ್ತೊತ್ತಾಗಿ, ನೇರವಾಗಿ ಇರುತ್ತವೆ. ಗೆಣ್ಣಿನಿಂದ ತಟ್ಟಿ ನೋಡಿ, ಬಿರುಕಿಲ್ಲದ ಭಾಗ ಗಂಟಲು ಬಿಟ್ಟು ಉತ್ತರ ಕೊಡುತ್ತದೆ. ಅಂಚಿನಲ್ಲಿ ಅಂಟು ಹಾಕಿ ಕೂರಿಸಿರುವುದರಿಂದ ಮೀಟಿ ಎಬ್ಬಿಸಲು ಹೋಗಬೇಡಿ, ಉದ್ದುದ್ದ ಸೀಳುತ್ತದೆ. ಸುತ್ತ ಒಂದು ಇಂಚು ಹೋದರೆ ಹೋಗಲಿ ಅಂತ ಅಂಟಿನ ಒಳಗಡೆ ಗರಗಸ ಹಾಕಿ ಕೊಯ್ದು ತೆಗೆಯಿರಿ. ಮೇಲೆ ತಂತಿ ಹೊತ್ತಿದ್ದ ಕುದುರೆಯನ್ನು ಹಿಂದಿನಿಂದ ಸ್ಕ್ರೂ ಹಿಡಿದಿರುತ್ತದೆ. ಸ್ಕ್ರೂ ಬಿಚ್ಚಿ, ಅಂಟಿಗೆ ಬಿಸಿ ಮಾಡಿದ ತೆಳು ಚಾಕು ಹಾಯಿಸಿ ಬಿಡಿಸಿ. ಹಲಗೆಯ ಬಿರುಕುಗಳು ಹೆಚ್ಚಾಗಿ ಹಳೇ ಕೂಡುಗಳಲ್ಲೇ ಇರುತ್ತವೆ. ಅಲ್ಲೇ ಬೇರ್ಪಡಿಸಿದರೆ ಒಳ್ಳೇ ಪಟ್ಟಿಗಳು ಸಿಗುತ್ತವೆ. ಗಿಟಾರು, ಮ್ಯಾಂಡೊಲಿನ್, ಉಕುಲೇಲೆ ಮಾಡುವವರು ಮುಖದ ಹಲಗೆಗೆ ಇದನ್ನು ಹುಡುಕಿಕೊಂಡು ಬರುತ್ತಾರೆ. ವಾದ್ಯಕ್ಕೆ ಬೇಕಾದಷ್ಟು ಅಗಲ ಉಳಿಯದಿದ್ದರೆ ಡ್ರಾಯರಿನ ತಳಕ್ಕೆ ಹಾಕಿ, ಹಗುರ, ಸೊಟ್ಟಗಾಗುವುದಿಲ್ಲ.

ಬಿರಡೆ ಕೂತಿದ್ದ ಹಲಗೆ ಬೀಚ್ ಅಥವಾ ಮೇಪಲ್, ಪದರ ಪದರವಾಗಿ ಅಂಟಿಸಿದ್ದು, ಕಬ್ಬಿಣದಷ್ಟು ಗಟ್ಟಿ. ತೂತುಗಳ ಸಾಲು ಬಿಟ್ಟು ಕೊಯ್ದರೆ ಕೊಡತಿಯ ತಲೆಗೆ, ತೋಪಡದ ಮೈಗೆ ಇದಕ್ಕಿಂತ ಒಳ್ಳೇ ಮರ ನನಗೆ ಸಿಕ್ಕಿಲ್ಲ. ಅದರ ಹಿಂದಿನ ದಪ್ಪ ಕಂಬಗಳು ಬೆಂಚಿನ ಕಾಲಾಗುತ್ತವೆ, ಕೀಗಳ ಕೆಳಗಿದ್ದ ಅಗಲ ಹಲಗೆ ಹೆಚ್ಚು ಕೆಲಸವಿಲ್ಲದೆ ಓದುವ ಮೇಜಿನ ಮೇಲ್ಭಾಗ ಆಗುತ್ತದೆ.

ಪಕ್ಕದ ಹಲಗೆಗಳನ್ನು ಬಿಡಿಸಲು ಬಲ ಬೇಡ, ಬಿಸಿ ಬೇಕು. ಮೂಳೆ, ಚರ್ಮ ಬೇಯಿಸಿ ತೆಗೆದ ಹಳೇ ಅಂಟು ಇದು, ಕಾವಿಗೂ ತೇವಕ್ಕೂ ಕರಗುತ್ತದೆ. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ, ಅಂಟು ಮೆತ್ತಗಾದಂತೆ ಮರದ ಬೆಣೆಯನ್ನು ಚೂರು ಚೂರೇ ಒಳಗೆ ಕೊಡಿ. ವಿನಿಯರ್ ಇರುವ ಮುಖಕ್ಕೆ ಮಾತ್ರ ಉಗಿ ತಾಗಿಸಬೇಡಿ. ಅಲ್ಲಿ ಕೂಡಿನೊಳಕ್ಕೆ ಸ್ಪಿರಿಟ್ ಹನಿಸಿದರೆ ಅಂಟು ಒಣಗಿ ಪುಡಿಯಾಗಿ ಬಿಡುತ್ತದೆ. ಮೇಲಿನ ಪಾಲಿಷ್ ಯಾವುದೆಂದು ತಿಳಿಯಲು ಮರೆಯ ಜಾಗದಲ್ಲಿ ಸ್ಪಿರಿಟ್ ಬಟ್ಟೆ ಒರೆಸಿ. ಅಂಟಂಟಾಗಿ ಬಟ್ಟೆಗೆ ಬಂದರೆ ಅದು ಅರಗಿನ ಫ್ರೆಂಚ್ ಪಾಲಿಷ್. ಮರಳುಕಾಗದ ಹಾಕಿ ಕೆರೆಯಬೇಡಿ, ತೆಳು ವಿನಿಯರ್ ತೂತಾಗುತ್ತದೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಹೊಸ ಅರಗನ್ನು ಅದೇ ಹಳೇ ಪದರದ ಮೇಲೆ ಬಟ್ಟೆಯಲ್ಲಿ ಬಳಿದರೆ ಒಂದಕ್ಕೊಂದು ಕೂಡಿಕೊಂಡು ಹೊಳಪು ಬರುತ್ತದೆ.

ಮರವನ್ನು ಅಟ್ಟಕ್ಕೆ ಸಾಗಿಸುವ ಮುಂಚೆ ಪ್ರತಿ ತುಂಡನ್ನೂ ಬಿಸಿಲಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕೊರೆಹುಳು ಇನ್ನೂ ಒಳಗಿದೆ. ನಮ್ಮ ಬೆಳೆಗಾರರು ತಕ್ಷಣ ಕಾಫಿ ಗಿಡದ ಕಾಂಡಕೊರಕ ಅಂತ ಗಾಬರಿಯಾಗುತ್ತಾರೆ. ಅದು ಜೀವಂತ ಗಿಡದ ಹುಳು, ಇದು ಒಣಮರದ್ದು, ಬೇರೆಬೇರೆ. ಆದರೂ ಹುಳು ಹಿಡಿದ ತುಂಡನ್ನು ಮನೆಯೊಳಗೆ ತರಬೇಡಿ, ಅದನ್ನು ಸುಡುವುದೇ ಸರಿ, ಸೀಸ ಇಲ್ಲವೆಂದು ಖಾತ್ರಿಯಾದರೆ ಮಾತ್ರ. ಗೆದ್ದಲು ತಿಂದ ಬುಡವನ್ನು ಗಟ್ಟಿ ಮರ ಸಿಗುವ ತನಕ ಕೊಯ್ದು ಬಿಡಿ. ಉಳಿದದ್ದನ್ನು ನೆಲದಿಂದ ಒಂದಡಿ ಮೇಲೆ, ಪದರ ಪದರದ ನಡುವೆ ಒಂದೇ ದಪ್ಪದ ರೀಪು ಇಟ್ಟು, ಗಾಳಿ ಆಡುವಂತೆ ಪೇರಿಸಿ. ಅಡುಗೆಮನೆಯ ಹೊಗೆಗೂ ಬಚ್ಚಲ ಹಬೆಗೂ ದೂರ ಇರಲಿ. ಒಂದು ಮಳೆಗಾಲ ಅಲ್ಲೇ ಬಿಡಿ. ಬಿಗಿತದಿಂದ ಬಿಡುಗಡೆಯಾದ ಹಲಗೆ ಸ್ವಲ್ಪ ಬಾಗುವುದಿದ್ದರೆ ಆ ತಿಂಗಳುಗಳಲ್ಲಿ ಬಾಗಿ ಮುಗಿಸುತ್ತದೆ, ಮುಂದಿನ ಬೇಸಿಗೆಯಲ್ಲಿ ತೋಪಡ ಹೊಡೆದು ಅಳತೆಗೆ ಕೊಯ್ದುಕೊಳ್ಳಬಹುದು.